ದಿವಂಗತ ಡಾಕ್ಟರ ಕಾರು

ಮಾರ್ಚ್ 3

ಈ ಹಸಿರು ಕಾರಿನ ಈಗಿನ ಒಡೆಯರಿಗೆ,

ನಮಸ್ಕಾರ. ನಾನು ನಿಮಗೆ ಗೊತ್ತಿಲ್ಲ, ನೀವು ನನಗೆ ಗೊತ್ತಿಲ್ಲ. ನಿಮ್ಮ ಕಾರು ಮಾತ್ರ ನನಗೆ ಚೆನ್ನಾಗಿ ಗೊತ್ತು. ಕಳೆದ ವರ್ಷದ ಕೊನೆಯವರೆಗೂ ಅದು ನನ್ನದಾಗಿತ್ತು. ಇವತ್ತು ಈ ಹಲ್ಲಿನ ಕ್ಲಿನಿಕ್ಕಿನ ಮುಂದೆ ನಿಂತಿರುವುದನ್ನು ಕಂಡೆ. ಹಿಂದಿನ ಬಾಗಿಲಿನ ತಗ್ಗು ನೋಡಿ ಗುರುತು ಹಿಡಿದೆ. ಆ ತಗ್ಗು ಮಾಡಿದ್ದು ನಾನೇ, ಈಜುಕೊಳದ ಗೇಟಿಗೆ ತಾಗಿಸಿ. ಮೇಲೆ ಹೊಸ ಬಣ್ಣ ಬಳಿಸಿದ್ದೀರಿ, ಆದರೂ ತಗ್ಗು ತಗ್ಗೇ.

ವಿಷಯ ಇಷ್ಟು. ಕಾರಿನ ಕಂಪನಿಯ ವರ್ಕ್‌ಶಾಪಿನಿಂದ ಒಬ್ಬಾಕೆ ಮೊನ್ನೆ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಅವರಲ್ಲಿ ಇನ್ನೂ ನನ್ನ ವಿಳಾಸವೇ ಇದೆ. ಈ ಮಾದರಿಯ ಕಾರುಗಳನ್ನೆಲ್ಲ ಕಂಪನಿ ವಾಪಸ್ ಕರೆಸುತ್ತಿದೆಯಂತೆ. ರೀಕಾಲ್ ಎನ್ನುತ್ತಾರೆ. ಡ್ರೈವರ್ ಪಕ್ಕದ ಸೀಟಿನ ಎದುರಿಗಿರುವ ಏರ್‌ಬ್ಯಾಗು ಯಾವ ಡಿಕ್ಕಿಯೂ ಇಲ್ಲದೆ, ಸುಮ್ಮನೆ ಹೋಗುತ್ತಿರುವಾಗಲೇ ಸಿಡಿದುಬಿಡಬಹುದು. ಬೇರೆ ಊರುಗಳಲ್ಲಿ ಹಾಗಾಗಿದೆ, ಕುಳಿತವರ ಕುತ್ತಿಗೆ ಮುರಿದಿದೆ. ವರ್ಕ್‌ಶಾಪಿಗೆ ಹೋಗಿ, ಬದಲಾಯಿಸುವುದಕ್ಕೆ ಕಾಸು ಕೇಳುವುದಿಲ್ಲ.

ಅಲ್ಲಿಯವರೆಗೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ನನಗೆ ಕಿವಿ ಕೇಳುವುದಿಲ್ಲ, ಆದ್ದರಿಂದ ಫೋನು ಮಾಡಿ ಪ್ರಯೋಜನವಿಲ್ಲ. ವಿಳಾಸ ಹಿಂದುಗಡೆ ಬರೆದಿದ್ದೇನೆ.

ಇಂತಿ,
ಈ ಕಾರಿನ ಹಿಂದಿನ ಒಡತಿ


ಮಾರ್ಚ್ 9

‘ಹಿಂದಿನ ಒಡತಿ’ ಎಂದು ಸಹಿ ಹಾಕಿದವರಿಗೆ,

ವೈಪರ್ ಕೆಳಗೆ ನೀವು ಸಿಕ್ಕಿಸಿ ಹೋದ ಕಾಗದ ಸಿಕ್ಕಿತು. ಮೊದಲು ಪಾರ್ಕಿಂಗ್ ದಂಡದ ಚೀಟಿ ಅಂದುಕೊಂಡೆ. ಓದಿದ ಮೇಲೆ, ದಂಡದ ಚೀಟಿಯೇ ಆಗಿದ್ದರೆ ವಾಸಿಯಿತ್ತು ಅನಿಸಿತು.

ನೇರವಾಗಿ ಕೇಳುತ್ತೇನೆ. ನೀವು ಯಾರು? ಈ ಕಾರಿಗೆ ಹಿಂದೆ ಇದ್ದದ್ದು ಒಬ್ಬರೇ ಒಡೆಯರು. ಅವರು ಡಾಕ್ಟರು. ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ ಬಿಟ್ಟರೆ ಬೇರೆಲ್ಲಿಗೂ ಓಡಿಸಿದವರಲ್ಲ. ತೀರಿಕೊಂಡ ಮೇಲೆ ಮನೆಯವರು ಮನಸ್ಸಿಲ್ಲದ ಮನಸ್ಸಿನಿಂದ ಮಾರಿದರು. ಇದಿಷ್ಟನ್ನೂ ನನಗೆ ಕಾರು ಕೊಟ್ಟವರು ಹೇಳಿದ್ದಾರೆ, ಮತ್ತು ಅವರ ಮಾತನ್ನು ನಂಬುವುದಕ್ಕೆ ನನಗೆ ಕಾರಣವಿದೆ. ಕಾಗದಪತ್ರ ತೆಗೆದು ನೋಡಿದೆ. ಹಿಂದಿನ ಒಡೆಯರು ಎಂಬ ಕಡೆ ಡೀಲರ್ ಅಂಗಡಿಯ ಹೆಸರಿದೆಯೇ ಹೊರತು ನಿಮ್ಮದಿಲ್ಲ. ಅಂದಮೇಲೆ ಒಂದೋ ನೀವು ಸುಳ್ಳು ಹೇಳುತ್ತಿದ್ದೀರಿ, ಇಲ್ಲ ಸತ್ತವರು ಪತ್ರ ಬರೆಯುತ್ತಿದ್ದಾರೆ.

ಇನ್ನೊಂದು ಮಾತು. ನಾನು ಹಲ್ಲಿನ ಸೆಟ್ಟು ಮಾಡುವವಳು. ತಯಾರಾದದ್ದನ್ನು ಕ್ಲಿನಿಕ್ಕುಗಳಿಗೆ ತಲುಪಿಸುವಾಗ ನನ್ನ ಅಪ್ಪ ಜೊತೆಗಿರುತ್ತಾರೆ. ಅವರಿಗೆ ಕೈ ನಡುಗುತ್ತದೆ, ಒಂದು ಮಂಡಿ ಮಡಚುವುದಿಲ್ಲ. ಆದ್ದರಿಂದ ಡ್ರೈವರ್ ಪಕ್ಕದ ಸೀಟೇ ಅವರ ಜಾಗ. ಹಲ್ಲಿನ ಡಬ್ಬಿಗಳನ್ನೆಲ್ಲ ತೊಡೆಯ ಮೇಲೆ ಜೋಡಿಸಿಕೊಂಡು, ಮುಂದಕ್ಕೆ ಬಾಗಿ ರಸ್ತೆ ನೋಡುತ್ತಾ ಕೂರುತ್ತಾರೆ. ಇಡೀ ಕಾರಿನಲ್ಲಿ ನೀವು ಹೆದರಿಸಲು ಆರಿಸಿಕೊಂಡದ್ದು ಸರಿಯಾಗಿ ಆ ಸೀಟನ್ನೇ. ಎಷ್ಟು ದಿನದಿಂದ ನಮ್ಮನ್ನು ನೋಡುತ್ತಿದ್ದೀರಿ?

ಕಾರು ವಾಪಸ್ ಬೇಕಿದ್ದರೆ, ಅಥವಾ ನಿಮಗೆ ಗೊತ್ತಿರುವ ವರ್ಕ್‌ಶಾಪಿಗೆ ಗಿರಾಕಿ ಹಿಡಿದುಕೊಡುವ ಕೆಲಸವಿದ್ದರೆ, ಬೇರೆಯವರ ಕಿವಿ ಮೇಲೆ ಹೂವಿಡಿ. ‘ನಿಮ್ಮ ಹಿತೈಷಿ’ ಎಂದು ಸಹಿ ಹಾಕದೆ ವಿಳಾಸ ಕೊಟ್ಟಿದ್ದೀರಲ್ಲ, ಆ ಒಂದು ಕಾರಣಕ್ಕೆ ಉತ್ತರ ಬರೆದೆ. ನನ್ನ ಫೋನ್ ನಂಬರು, ಮನೆ ವಿಳಾಸ ಕೊಡುವುದಿಲ್ಲ. ಹೇಳುವುದಿದ್ದರೆ ಅದೇ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೊಟ್ಟುಹೋಗಿ.

ಇಂತಿ,
ಕಾರಿನ ಒಡತಿ (ಹಿಂದಿನವಳಲ್ಲ, ಈಗಿನವಳು)


ಮಾರ್ಚ್ 15

ಈಗಿನ ಒಡತಿಗೆ,

ನಾನು ಸತ್ತ ಸುದ್ದಿ ನಿಮ್ಮ ಪತ್ರದಿಂದಲೇ ತಿಳಿಯಿತು. ಡಾಕ್ಟರಾದ ಸುದ್ದಿ ಕೂಡ. ಬದುಕಿದ್ದಾಗ ನಾನು ಮಕ್ಕಳಿಗೆ ಈಜು ಕಲಿಸುತ್ತಿದ್ದೆ. ವರ್ಷಗಟ್ಟಲೆ ಕೊಳದ ನೀರು ಹೊಕ್ಕು ಕಿವಿ ಹಾಳಾಯಿತು. ಹಿಂದೆ ಬರುವ ಲಾರಿಯ ಹಾರ್ನ್ ಕೇಳಿಸದಾದಾಗ ಕಾರು ಮಾರಿದೆ.

ಅನುಮಾನ ಪಡುವುದು ಒಳ್ಳೆಯದೇ. ನಾನೂ ಅನುಮಾನದವಳು. ನೀರಿಗೆ ಇಳಿಯುವ ಮುಂಚೆ ‘ನನಗೆ ಈಜು ಬರುತ್ತೆ ಮಿಸ್’ ಅನ್ನುವ ಮಕ್ಕಳನ್ನು ನಂಬಿದ್ದರೆ ನನ್ನ ಕೆಲಸ ಎಂದೋ ಹೋಗುತ್ತಿತ್ತು. ಆದ್ದರಿಂದ ನನ್ನ ಮಾತು ನಂಬಬೇಡಿ, ಕಾರನ್ನೇ ಕೇಳಿ.

ಡ್ರೈವರ್ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಹಳಿಯ ಸಂದಿಯಲ್ಲಿ ಕೈ ಹಾಕಿ. ನನ್ನ ಕಿತ್ತಳೆ ಬಣ್ಣದ ಸೀಟಿ ಅಲ್ಲಿ ಬಿದ್ದಿದೆ. ಎಷ್ಟು ಕೈ ತೂರಿಸಿದರೂ ತೆಗೆಯಲಾಗಲಿಲ್ಲ, ನನ್ನ ಕೈ ದಪ್ಪ. ನಿಮ್ಮ ದಿವಂಗತ ಡಾಕ್ಟರು ರೋಗಿಗಳಿಗೆ ಸೀಟಿ ಊದುತ್ತಿದ್ದರೋ ಏನೋ, ನೀವೇ ಯೋಚಿಸಿ.

ಆಮೇಲೆ ಕೀಲಿ ಅರ್ಧ ತಿರುಗಿಸಿ, ಇಂಜಿನ್ ಶುರು ಮಾಡಬೇಡಿ. ಎದುರಿನ ಪುಟ್ಟ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಬೇಕು. ಕುಳಿತ ಮನುಷ್ಯನ ಎದೆಯ ಮುಂದೆ ಚೆಂಡಿದ್ದಂಥ ಚಿತ್ರದ ದೀಪವೊಂದಿದೆ. ಅದು ಏರ್‌ಬ್ಯಾಗಿನದು. ನನ್ನ ಬಳಿ ಇದ್ದಾಗ ಕೊನೆಕೊನೆಗೆ ಅದು ಹೊತ್ತಿದ್ದು ಆರುತ್ತಲೇ ಇರಲಿಲ್ಲ. ಡೀಲರಿಗೆ ಅದನ್ನು ತೋರಿಸಿಯೇ ಕೊಟ್ಟೆ. ಅವನು ನಗುನಗುತ್ತಾ, ‘ಬಿಡಿ ಅಮ್ಮ, ಇದನ್ನ ಯಾರು ಓಡಿಸ್ತಾರೆ, ಬಿಚ್ಚಿ ಬಿಡಿಭಾಗ ಮಾರ್ತೀವಿ’ ಎಂದು ಚೀಟಿಯಲ್ಲಿ ಬರೆದು ತೋರಿಸಿದ.

ಈಗ ಆ ದೀಪ ಹೊತ್ತಿ ಆರಿದರೆ ಯಾರೋ ರಿಪೇರಿ ಮಾಡಿಸಿದ್ದಾರೆ, ನಾನು ನಿಮ್ಮ ಕ್ಷಮೆ ಕೇಳುತ್ತೇನೆ. ಅದೊಂದೇ ಹೊತ್ತದಿದ್ದರೆ ಯಾರೋ ಅದರ ಬಾಯಿ ಮುಚ್ಚಿಸಿದ್ದಾರೆ.

ಇಂತಿ,
ಇನ್ನೂ ಉಸಿರಾಡುತ್ತಿರುವ ಹಿಂದಿನ ಒಡತಿ


ಮಾರ್ಚ್ 28

ದಿವಂಗತ ಡಾಕ್ಟರಮ್ಮನವರಿಗೆ,

ಸೀಟಿ ಸಿಕ್ಕಿತು. ನನ್ನ ಕೈ ಸಪೂರ, ಹಲ್ಲು ಕೂರಿಸುವ ಕೈ. ಈಗ ಅದು ಅಪ್ಪನ ಕೊರಳಲ್ಲಿದೆ. ಅಡ್ಡ ಬಂದವರಿಗೆಲ್ಲ ಕಿಟಕಿಯಿಂದ ಊದುತ್ತಾರೆ, ಬೈಸಿಕೊಳ್ಳುವವಳು ನಾನು.

ದೀಪವನ್ನೂ ನೋಡಿದೆ. ಎಣ್ಣೆಯದು ಹೊತ್ತಿತು, ಬ್ಯಾಟರಿಯದು ಹೊತ್ತಿತು, ಬ್ರೇಕಿನದು ಹೊತ್ತಿತು. ಚೆಂಡಿನ ಮನುಷ್ಯ ಮಾತ್ರ ಇಲ್ಲ. ಕಾರಿನ ಜೊತೆ ಬಂದ ಪುಸ್ತಕದ ಚಿತ್ರದಲ್ಲಿ ಅವನ ಜಾಗವಿದೆ, ಕಾರಿನಲ್ಲಿ ಆ ಜಾಗ ಬರೀ ಕಪ್ಪು. ಮತ್ತೆ ಮತ್ತೆ ತಿರುಗಿಸಿ ನೋಡಿದೆ.

ನಿಮಗೆ ಹೇಳದ ಒಂದು ಸಂಗತಿ ಈಗ ಹೇಳಬೇಕು. ನಿಮ್ಮ ಆ ನಗುಮುಖದ ಡೀಲರು ನನ್ನ ಚಿಕ್ಕಪ್ಪ. ಅಪ್ಪನ ಒಡಹುಟ್ಟಿದ ತಮ್ಮ. ಅಪ್ಪ ಅವರನ್ನು ಈಗಲೂ ‘ಪುಟ್ಟ’ ಎಂದೇ ಕರೆಯುವುದು. ಅಂಗಡಿ ಸಾಲಿನಲ್ಲಿದ್ದ ಅಷ್ಟೂ ಕಾರುಗಳಲ್ಲಿ ‘ಇದು ನಮ್ಮ ಹುಡುಗಿಗೆ’ ಎಂದು ಅವರೇ ಆರಿಸಿ, ತಮ್ಮ ಕರ್ಚೀಫಿನಿಂದಲೇ ಡ್ಯಾಶ್‌ಬೋರ್ಡು ಒರೆಸಿ ಕೀಲಿ ಕೊಟ್ಟದ್ದು. ‘ನೋಡಮ್ಮ, ಒಂದು ದೀಪಾನೂ ಉರೀತಿಲ್ಲ, ಅಷ್ಟು ಆರೋಗ್ಯವಾಗಿದೆ’ ಅಂದಿದ್ದರು.

ಅಂಗಡಿಗೆ ಹೋದೆ. ಅವರ ಕೋಣೆಯಲ್ಲಿ ಒಂದು ದೊಡ್ಡ ಗಾಜಿನ ಬೋಗುಣಿಯ ತುಂಬ ಕೀಲಿಗಳಿರುತ್ತವೆ. ಮಾತಾಡುವಾಗ ಅದರೊಳಗೆ ಕೈಯಾಡಿಸುತ್ತಿರುತ್ತಾರೆ. ಡಾಕ್ಟರ ವಿಷಯ ಕೇಳಿದೆ. ನಕ್ಕರು.

‘ಅಯ್ಯೋ, ಅದು ಎಲ್ಲಾ ಕಾರಿಗೂ ಹೇಳೋ ಮಾತು ಕಣಮ್ಮ. ಡಾಕ್ಟರು ಅಂದ್ರೆ ಗಿರಾಕಿಗೆ ಒಂಥರಾ ಧೈರ್ಯ. ಬಾಯಿಗೆ ಬಂದ್ಬಿಡುತ್ತೆ.’

‘ದೀಪ ಯಾಕೆ ಹೊತ್ತಲ್ಲ ಚಿಕ್ಕಪ್ಪ?’

ಬೋಗುಣಿಯಲ್ಲಿದ್ದ ಕೈ ನಿಂತಿತು. ಆಮೇಲೆ, ‘ಬಲ್ಬು ಹೋಗಿರುತ್ತೆ. ನೋಡ್ತೀನಿ ಬಿಡು’ ಅಂದರು. ನಿಮ್ಮ ಬಗ್ಗೆಯೂ ಹೇಳಿದರು. ನೀವು ಜಗಳಗಂಟಿಯಂತೆ. ಮಾರಿದ ಮೇಲೆ ಬೆಲೆ ಸಾಲಲಿಲ್ಲ ಎಂದು ಅಂಗಡಿಯ ಮುಂದೆ ನಿಂತು ಕೂಗಾಡಿದ್ದಿರಂತೆ. ಈಗ ಹೊಟ್ಟೆಕಿಚ್ಚಿಗೆ ಗಿರಾಕಿಗಳ ತಲೆ ಕೆಡಿಸುತ್ತಿದ್ದೀರಂತೆ. ಇದು ನಿಜವೇ?

ವರ್ಕ್‌ಶಾಪಿಗೂ ಹೋದೆ. ರೀಕಾಲ್ ಇರುವುದು ನಿಜ, ಬಿಡಿಭಾಗ ಬಂದಿಲ್ಲ, ಬಂದಾಗ ಕರೆಯುತ್ತೇವೆ ಅಂದರು.

ಈಗ ನನ್ನ ಕಷ್ಟ ಕೇಳಿ. ಅಪ್ಪನಿಗೆ ಎಲ್ಲ ಹೇಳಿದೆ. ಅವರು ನಿಮ್ಮ ಪತ್ರಗಳನ್ನು ಓದಿ ಪಕ್ಕಕ್ಕಿಟ್ಟು, ‘ಪುಟ್ಟ ನನಗೆ ಕೆಟ್ಟ ಕಾರು ಕೊಡ್ತಾನಾ?’ ಎಂದಷ್ಟೇ ಕೇಳಿದರು. ಅಂದಿನಿಂದ ಆ ಸೀಟು ಬಿಡುತ್ತಿಲ್ಲ. ಮೊದಲು ಮಂಡಿಗಾಗಿ ಕೂರುತ್ತಿದ್ದರು, ಈಗ ತಮ್ಮನ ಮಾನ ಕಾಯಲು ಕೂರುತ್ತಾರೆ. ಅವರನ್ನು ಅಲ್ಲಿಂದ ಎಬ್ಬಿಸಬೇಕಾದರೆ ಅವರ ತಮ್ಮ ಸುಳ್ಳುಗಾರ ಎಂದು ಒಪ್ಪಿಸಬೇಕು. ನನಗೇ ಅದು ಪೂರ್ತಿ ಖಾತ್ರಿಯಿಲ್ಲ.

ಇಂತಿ,
ಯಾರನ್ನು ನಂಬಬೇಕೆಂದು ತಿಳಿಯದ ಈಗಿನ ಒಡತಿ


ಏಪ್ರಿಲ್ 4

ಈಗಿನ ಒಡತಿಗೆ,

ಕೂಗಾಡಿದ್ದು ನಿಜ. ನಾನು ಮಾತಾಡುವುದೇ ಕೂಗಿ, ಕಿವುಡರೆಲ್ಲ ಹಾಗೆಯೇ. ಕೂಗಿದ್ದು ಬೆಲೆಗಲ್ಲ. ನನ್ನ ಸೀಟಿ ತೆಗೆದುಕೊಡಿ ಎಂದು.

ನಿಮ್ಮ ಪತ್ರ ಓದಿ ನನಗೂ ಒಂದು ಅನುಮಾನ ಬಂತು, ಮುಚ್ಚಿಡುವುದಿಲ್ಲ. ಚಿಕ್ಕಪ್ಪ, ಮಗಳು ಸೇರಿಕೊಂಡು ನನ್ನ ಬಾಯಿಂದ ಏನು ಬರುತ್ತದೆ ಎಂದು ನೋಡುತ್ತಿದ್ದೀರಾ? ಮೊದಲ ಪತ್ರದಲ್ಲೇ ‘ನಂಬಲು ಕಾರಣವಿದೆ’ ಎಂದು ಬರೆದು ಕಾರಣ ನುಂಗಿಬಿಟ್ಟಿರಿ. ಆದರೆ ಸುಳ್ಳು ಹೇಳುವವರು ಅಪ್ಪನ ತೊಡೆಯ ಮೇಲಿನ ಡಬ್ಬಿಗಳ ಬಗ್ಗೆ ಬರೆಯುವುದಿಲ್ಲ. ಆ ಡಬ್ಬಿಗಳು ನನಗೆ ನಿದ್ದೆಗೆಡಿಸಿವೆ. ಬ್ಯಾಗು ಸಿಡಿದರೆ ಮೊದಲು ಅವರ ಮುಖಕ್ಕೆ ಬಡಿಯುವುದು ಅವೇ.

ನನ್ನನ್ನು ನಂಬದಿದ್ದರೂ ಪರವಾಗಿಲ್ಲ. ಜಗಳಗಂಟಿ ಅನ್ನಿ, ಹುಚ್ಚಿ ಅನ್ನಿ. ಅಪ್ಪನನ್ನು ಮಾತ್ರ ಹಿಂದೆ ಕೂರಿಸಿ. ಕಾರು ಕೆಟ್ಟಿದೆ ಎಂದು ಸುಳ್ಳು ಹೇಳಿಯಾದರೂ ಸರಿ.

ಇಂತಿ,
ಜಗಳಗಂಟಿ


ಏಪ್ರಿಲ್ 11

ಈಜು ಕಲಿಸುವ ಅಮ್ಮನವರಿಗೆ,

ನಮಸ್ಕಾರ. ನಾವು ಹಿಂದೆ ಭೇಟಿಯಾಗಿದ್ದೇವೆ. ನಿಮ್ಮ ಹಳೆಯ ಕಾರನ್ನು ಕೊಂಡವನು ನಾನು.

ನನ್ನ ಅಣ್ಣನ ಮಗಳಿಗೆ ನೀವು ಪತ್ರ ಬರೆಯುತ್ತಿರುವುದು ತಿಳಿಯಿತು. ಇದು ಮನೆಯ ವಿಷಯ, ಹೊರಗಿನವರು ಮೂಗು ತೂರಿಸದಿದ್ದರೆ ಒಳ್ಳೆಯದು. ನೀವು ಕಾರನ್ನು ಇದ್ದ ಹಾಗೆಯೇ ಕೊಟ್ಟಿದ್ದೀರಿ, ನಾನು ಇದ್ದ ಹಾಗೆಯೇ ತೆಗೆದುಕೊಂಡಿದ್ದೇನೆ. ಮುಂದಿನದ್ದು ನನಗೆ ಮತ್ತು ಕೊಂಡವರಿಗೆ ಸೇರಿದ್ದು. ಹಳೆಯ ಕಾರಿನ ಮೇಲೆ ರೀಕಾಲ್ ಇದೆಯೋ ಇಲ್ಲವೋ ಎಂದು ನೋಡುವ ಪದ್ಧತಿ ನಮ್ಮ ಬೀದಿಯ ಯಾವ ಅಂಗಡಿಯಲ್ಲೂ ಇಲ್ಲ. ಕೇಳಿದವರಿಗೆ ಗೊತ್ತಿಲ್ಲ ಅನ್ನುತ್ತೇವೆ, ಅದು ನಿಜವೂ ಹೌದು.

ನಿಮಗೆ ವಯಸ್ಸಾಗಿದೆ. ಒಬ್ಬರೇ ಇರುತ್ತೀರಿ ಎಂದು ಕೇಳಿದೆ. ಇಲ್ಲದ ತಂಟೆಗೆ ಹೋಗಿ ಪೊಲೀಸು, ಕೋರ್ಟು ಎಂದು ಅಲೆಯುವಂತಾಗಬಾರದು. ಒಳ್ಳೆಯ ಮಾತಿನಲ್ಲಿ ಹೇಳುತ್ತಿದ್ದೇನೆ.

ಇಂತಿ,
ನಿಮ್ಮ ಹಿತೈಷಿ


ಏಪ್ರಿಲ್ 20

ಅಮ್ಮನವರಿಗೆ,

ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಕರೆದಿದ್ದೇನೆ. ಡಾಕ್ಟರಮ್ಮ ಎಂದು ತಮಾಷೆ ಮಾಡುವ ಮನಸ್ಸು ಇವತ್ತಿಲ್ಲ.

ನೀವು ಹೇಳಿದಂತೆ ಸುಳ್ಳು ಹೇಳಿ ನೋಡಿದೆ. ಬ್ಯಾಟರಿ ಸತ್ತಿದೆ ಅಂದೆ. ಅಪ್ಪ ತಾವೇ ಹೋಗಿ ಕೀಲಿ ತಿರುಗಿಸಿದರು, ಹಾಳಾದ್ದು ಗುರ್ ಎಂದಿತು. ಪಕ್ಕದ ಸೀಟಿನ ಮೇಲೆ ಡಬ್ಬಿಗಳನ್ನು ಗೋಪುರದಂತೆ ಪೇರಿಸಿಟ್ಟೆ. ಒಂದೊಂದಾಗಿ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಬಿಟ್ಟುಹೋದರೆ ನೆರೆಯವರ ಗಾಡಿ ಹತ್ತಿ ನನ್ನ ಹಿಂದೆಯೇ ಕ್ಲಿನಿಕ್ಕಿಗೆ ಬಂದರು. ಕೊನೆಗೆ ಅವರೇ ಒಂದು ಉಪಾಯ ಹೂಡಿದರು. ‘ಭಾನುವಾರ ಪುಟ್ಟನ್ನ ಕರೀತೀನಿ. ಅವನೇ ಮುಂದೆ ಕೂತು ಊರೆಲ್ಲ ಸುತ್ತಲಿ. ಆಮೇಲಾದ್ರೂ ಬಾಯಿ ಮುಚ್ತೀಯಲ್ಲ’ ಅಂದರು.

ಚಿಕ್ಕಪ್ಪ ಬಂದರು. ಅಪ್ಪ ಅಂಗಳದಲ್ಲಿ ಕಾರಿನ ಮುಂದಿನ ಬಾಗಿಲು ತೆಗೆದು, ಮದುವೆ ಮನೆಯಲ್ಲಿ ಬೀಗರನ್ನು ಕೂರಿಸುವವರ ಹಾಗೆ ಕೈ ತೋರಿಸುತ್ತಾ ನಿಂತರು. ‘ಬಾರೋ ಪುಟ್ಟ, ಕೂತ್ಕೋ. ನಮ್ಮ ಹುಡುಗಿಗೆ ಯಾರೋ ಭೂತದ ಕತೆ ಹೇಳಿದಾರೆ.’

ಚಿಕ್ಕಪ್ಪ ನಗುತ್ತಲೇ ಬಂದರು, ನಗುತ್ತಲೇ ಹಿಂದಿನ ಬಾಗಿಲು ತೆಗೆದರು. ‘ನಾನು ಹಿಂದೇನೇ ಕೂರ್ತೀನಿ ಅಣ್ಣ. ಮುಂದೆ ಬಿಸಿಲು ಹೊಡೆಯುತ್ತೆ.’

ಆ ದಿನ ಮೋಡ ಕವಿದಿತ್ತು.

ಗಿರಾಕಿಯ ಪಕ್ಕ ಮುಂದಿನ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡು ಒರೆಸುತ್ತಾ ಜೀವಮಾನ ಕಳೆದವರು ಅವರು. ಅಪ್ಪ ಮುಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಕಾರನ್ನು ಬಳಸಿ ಬಂದು, ಆ ಕಡೆಯಿಂದ ತಾವೂ ಹಿಂದೆ ಹತ್ತಿದರು. ಮಂಡಿ ಮಡಚುವುದಿಲ್ಲವಲ್ಲ, ಅಡ್ಡಡ್ಡ ಕೂತು ಕಾಲನ್ನು ಎರಡು ಸೀಟಿನ ನಡುವೆ ಚಾಚಿದರು. ಅವರ ಚಪ್ಪಲಿ ನನ್ನ ಮೊಣಕೈಗೆ ತಾಗುತ್ತಿತ್ತು. ಪಕ್ಕದ ಸೀಟು ಖಾಲಿ. ಇಬ್ಬರು ಮುದುಕರನ್ನು ಹಿಂದೆ ಕೂರಿಸಿಕೊಂಡು ಬಾಡಿಗೆ ಡ್ರೈವರನಂತೆ ಹೊರಟೆ.

ತಿರುವು ದಾಟಿದ ಮೇಲೆ ಅಪ್ಪ ಕೇಳಿದರು. ‘ಯಾವಾಗ ಗೊತ್ತಾಯ್ತೋ ನಿನಗೆ?’

ಚಿಕ್ಕಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ‘ಇವಳು ಬಂದು ದೀಪದ ವಿಷಯ ಕೇಳಿದ್ಳಲ್ಲ, ಅವತ್ತು ವಿಚಾರಿಸ್ದೆ.’

‘ಅವತ್ತಿಂದ ನಾನು ದಿನಾ ಆ ಮುಂದಿನ ಸೀಟಲ್ಲಿ ಕೂತಿದ್ದೀನಿ. ನಿನಗೆ ಗೊತ್ತಿತ್ತು.’

‘ಗೊತ್ತಿತ್ತು ಅಣ್ಣ.’

‘ನಿನ್ನ ಪರವಾಗಿ ಕೂತಿದ್ದೆ ಕಣೋ.’

ಚಿಕ್ಕಪ್ಪನನ್ನು ಅಂಗಡಿಯ ಮುಂದೆ ಇಳಿಸಿದೆ. ಅವರ ಕಡೆಯ ಬಾಗಿಲಿಗೆ ಸಾಲಿನ ಕಾರೊಂದು ಒತ್ತಿ ನಿಂತಿತ್ತು, ಅಪ್ಪನ ಕಡೆಯಿಂದ ಇಳಿಯಬೇಕೆಂದರೆ ಅಪ್ಪನ ಕಾಲು ಅಡ್ಡವಿತ್ತು. ಅಪ್ಪ ಅದನ್ನು ಎಳೆದುಕೊಳ್ಳಲಿಲ್ಲ, ಚಿಕ್ಕಪ್ಪ ದಾಟಿಕೊಂಡು ಹೋದರು.

ನಿಮ್ಮ ಮೇಲೆ ಅನುಮಾನ ಪಟ್ಟದ್ದಕ್ಕೆ ಕ್ಷಮಿಸಿ. ನೀವು ಹೇಳಿದ್ದು ಸುಳ್ಳಾಗಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಅದಕ್ಕೂ ಕ್ಷಮಿಸಿ.

ಇಂತಿ,
ಈಗಿನ ಒಡತಿ


ಮೇ 6

ಮಗಳೇ,

ನೀನು ಅಮ್ಮ ಎಂದು ಕರೆದ ಮೇಲೆ ನಾನು ಹೀಗೆ ಕರೆಯಬಹುದು ಅಂದುಕೊಂಡಿದ್ದೇನೆ.

ನಿನ್ನ ಚಿಕ್ಕಪ್ಪ ನನಗೆ ಎರಡು ಪತ್ರ ಬರೆದಿದ್ದಾನೆ. ಮೊದಲನೆಯದು ನಿಮ್ಮ ಭಾನುವಾರಕ್ಕೆ ಮುಂಚಿನದು. ಬೆದರಿಕೆಗೆ ಬೆಣ್ಣೆ ಹಚ್ಚಿ, ಕೆಳಗೆ ‘ನಿಮ್ಮ ಹಿತೈಷಿ’ ಎಂದು ಸಹಿ ಹಾಕಿದ್ದ. ಓದಿ ನಕ್ಕೆ, ಆಮೇಲೆ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದೆ. ಎರಡನೆಯದು ನಿನ್ನೆ ಬಂತು. ಅದರಲ್ಲಿ ಸಹಿಯೇ ಇಲ್ಲ. ಹಿಂದಕ್ಕೆ ವಾಲುವ ಅಕ್ಷರದಿಂದ ಗುರುತು ಹಿಡಿದೆ. ಅದರ ಒಂದು ಭಾಗ ನೀನು ಓದಬೇಕು, ಇಲ್ಲಿ ಇಳಿಸುತ್ತೇನೆ.

‘ಅಂಗಡಿಗೆ ಬಂದ ಪ್ರತಿ ಕಾರೂ ಮೊದಲು ಹಿತ್ತಲಿನ ಎಲೆಕ್ಟ್ರಿಷಿಯನ್ ಹತ್ತಿರ ಹೋಗುತ್ತದೆ. ಉರಿಯುವ ದೀಪಗಳನ್ನೆಲ್ಲ ಅವನು ಆರಿಸುತ್ತಾನೆ. ಅದು ಹಾಗೇ ನಡೆದುಬಂದದ್ದು, ನಾನು ಹೇಳುವುದೂ ಇಲ್ಲ, ಅವನು ಕೇಳುವುದೂ ಇಲ್ಲ. ಸಾಲಿನಲ್ಲಿ ನಿಲ್ಲಿಸುವ ಹೊತ್ತಿಗೆ ಎಲ್ಲವೂ ಒಂದೇ ಥರ ಆರೋಗ್ಯವಾಗಿರುತ್ತವೆ. ಯಾವುದು ಯಾರಿಂದ ಬಂತು, ಏನು ಹೇಳಿ ಕೊಟ್ಟರು, ನನಗೇ ನೆನಪಿರುವುದಿಲ್ಲ. ನೆನಪಿಟ್ಟುಕೊಂಡರೆ ಹೇಳಬೇಕಾಗುತ್ತದೆ. ಅಣ್ಣನ ಮಗಳಿಗೆ ಕೊಡುವಾಗ ಒಳ್ಳೆಯದನ್ನೇ ಆರಿಸಬೇಕೆಂದು ಇಡೀ ಸಾಲು ಸುತ್ತಿದೆ. ಒಂದೊಂದರ ಕೀಲಿ ತಿರುಗಿಸಿ, ದೀಪ ಉರಿಯದ್ದನ್ನು ನೋಡಿ ನೋಡಿ ಆರಿಸಿದೆ. ನಾನೇ ಆರಿಸಿಟ್ಟ ದೀಪವನ್ನು ನಾನೇ ನಂಬಿದೆ. ಇದನ್ನು ಅಣ್ಣನಿಗೆ ಹೇಳಿದರೆ ನಂಬುತ್ತಾನೋ ಇಲ್ಲವೋ. ಗೊತ್ತಾದ ಮೇಲೂ ಸುಮ್ಮನಿದ್ದದ್ದು ಬೇರೆ ವಿಷಯ. ಅವನೊಬ್ಬನಿಗೆ ಹೇಳಿದರೆ ಅದೇ ಮಾದರಿ ಕೊಂಡ ಉಳಿದವರಿಗೂ ಹೇಳಬೇಕು. ಅಂಗಡಿ ಉಳಿಯುವುದಿಲ್ಲ.’

ಇಷ್ಟು ಬರೆದು, ಕೊನೆಗೆ ಒಂದು ವಿಚಿತ್ರ ಬೇಡಿಕೆ ಇಟ್ಟಿದ್ದಾನೆ. ನಾನು ನಿನ್ನ ವೈಪರ್ ಕೆಳಗೆ ಇಟ್ಟ ಮೊದಲ ಕಾಗದದಲ್ಲಿ ಏನು ಬರೆದಿದ್ದೆ, ಅದರ ಒಂದು ಪ್ರತಿ ಬೇಕಂತೆ.

ನನ್ನ ಬಳಿ ಉಳಿದಿದ್ದ ಕರಡಿನಿಂದ ಇಳಿಸಿ ಕಳಿಸಿದ್ದೇನೆ. ನೋಡಿ ಬರೆಯುವುದಕ್ಕೋ, ವಕೀಲರಿಗೆ ತೋರಿಸುವುದಕ್ಕೋ ಗೊತ್ತಿಲ್ಲ. ಅವನು ನಗುನಗುತ್ತಾ ಟೋಪಿ ಹಾಕಿದ್ದು ನನಗಿನ್ನೂ ಮರೆತಿಲ್ಲ. ನೀನೂ ಈ ಮಾತುಗಳನ್ನು ಪೂರ್ತಿ ನಂಬಬೇಡ. ಸುಳ್ಳು ಎಂದೂ ಎಸೆಯಬೇಡ. ನಾನು ನಿನ್ನೆಯಿಂದ ಎರಡರ ಮಧ್ಯೆ ತೇಲುತ್ತಿದ್ದೇನೆ.

ಇಂತಿ,
ಹಿಂದಿನ ಒಡತಿ, ನಿನ್ನ ಅಮ್ಮನ ವಯಸ್ಸಿನವಳು


ಜೂನ್ 2

ಅಮ್ಮಾ,

ಬಿಡಿಭಾಗ ಬಂತು. ವರ್ಕ್‌ಶಾಪಿನವರು ಏರ್‌ಬ್ಯಾಗು, ಅದನ್ನು ನಡೆಸುವ ಪೆಟ್ಟಿಗೆ ಎರಡನ್ನೂ ಬದಲಾಯಿಸಿದರು. ಹಿತ್ತಲಿನ ಎಲೆಕ್ಟ್ರಿಷಿಯನ್ ಕತ್ತರಿಸಿದ್ದ ತಂತಿಯನ್ನು ಹುಡುಕಿ ಕೂಡಿಸಿದರು. ಚೆಂಡಿನ ಮನುಷ್ಯ ಈಗ ದಿನಾ ಹೊತ್ತಿ ಆರುತ್ತಾನೆ.

ಆದರೆ ಅಪ್ಪ ಮುಂದೆ ಬರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಎಷ್ಟು ಹೇಳಿದರೂ ಹಿಂದೆಯೇ, ಅಡ್ಡಡ್ಡ, ಕಾಲು ಚಾಚಿಕೊಂಡು. ಸೀಟಿಯನ್ನು ಕೊರಳಿಂದ ತೆಗೆದಿಟ್ಟರು. ಚಿಕ್ಕಪ್ಪನ ಫೋನು ಬಂದರೆ ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದರು. ನೀವು ಇಳಿಸಿಕೊಟ್ಟ ಭಾಗವನ್ನು ಓದಿ ಹೇಳಿದೆ. ಕೇಳಿಸಿಕೊಂಡರು.

ನಿನ್ನೆ ಒಂದು ಕ್ಲಿನಿಕ್ಕಿನ ಮುಂದೆ ನಿಲ್ಲಿಸಿದೆವು. ಪಕ್ಕದಲ್ಲಿ ನಮ್ಮದೇ ಮಾದರಿಯ ಬಿಳಿ ಕಾರೊಂದಿತ್ತು. ಅದರ ವೈಪರ್ ಕೆಳಗೆ ಮಡಚಿದ ಕಾಗದ. ಬೇರೆಯವರ ಕಾಗದ ಮುಟ್ಟಬಾರದು, ಗೊತ್ತು. ಆದರೆ ಮಡಿಕೆಯ ಹೊರಗೆ ಕಾಣುತ್ತಿದ್ದ ಅಕ್ಷರಗಳು ಹಿಂದಕ್ಕೆ ವಾಲಿದ್ದವು. ನಾನು ಕೈ ಹಾಕುವ ಮುಂಚೆ ಅಪ್ಪ ಇಳಿದಿದ್ದರು.

ನಿಮ್ಮ ಕಾಗದವೇ ಅಮ್ಮಾ, ಹೆಚ್ಚುಕಮ್ಮಿ ಅಕ್ಷರಕ್ಕೆ ಅಕ್ಷರ. ನಾನು ನಿಮಗೆ ಗೊತ್ತಿಲ್ಲ, ನೀವು ನನಗೆ ಗೊತ್ತಿಲ್ಲ, ಡ್ರೈವರ್ ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ, ವರ್ಕ್‌ಶಾಪಿಗೆ ಹೋಗಿ, ಕಾಸು ಕೇಳುವುದಿಲ್ಲ. ಈಜುಕೊಳದ ಗೇಟನ್ನು ಮಾತ್ರ ಬಿಟ್ಟಿದ್ದಾರೆ. ಕೊಂಡವರು ಯಾರೆಂದು ಅಂಗಡಿಯಲ್ಲೇ ಬರೆದಿರುತ್ತದೆ, ಮನೆಗೆ ಹೋಗಿ ಹೇಳಬಹುದಿತ್ತು. ಬೀದಿ ಬೀದಿ ಅಲೆದು ಕಾರು ಹುಡುಕಿ ಸಿಕ್ಕಿಸಿದ್ದಾರೆ. ವಿಳಾಸವಿಲ್ಲ. ಕೆಳಗೆ ಇದ್ದದ್ದು ಇಷ್ಟೇ: ಇಂತಿ, ನಿಮ್ಮ ಹಿತೈಷಿ.

‘ಯಾರು ನಂಬ್ತಾರೆ ಇದನ್ನ?’ ಅಂದೆ. ‘ನಾನೇ ಆಗಿದ್ರೆ ಹರಿದು ಬಿಸಾಡ್ತಿದ್ದೆ.’

ಅಪ್ಪ ಆ ಕಾಗದವನ್ನು ಮೊದಲಿಂದ ಇನ್ನೊಮ್ಮೆ ಓದಿದರು. ಆಮೇಲೆ ‘ಪೆನ್ನು ಕೊಡು’ ಅಂದರು. ಬಿಳಿ ಕಾರಿನ ಬಾನೆಟ್ಟಿನ ಮೇಲೆಯೇ ಕಾಗದ ಹರಡಿಕೊಂಡು ‘ಹಿತೈಷಿ’ಯನ್ನು ಹೊಡೆದುಹಾಕಿದರು. ಕೆಳಗೆ ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದರು. ‘ಇದನ್ನು ಬರೆದವನು ನಿಮಗೆ ಈ ಕಾರು ಮಾರಿದವನೇ. ಅವನು ನನ್ನ ತಮ್ಮ. ಬರೆದಿರುವುದು ನಿಜ.’ ಅದರ ಕೆಳಗೆ ನಮ್ಮ ಮನೆಯ ವಿಳಾಸ. ಬರೆದು ಮುಗಿಸುವ ಹೊತ್ತಿಗೆ ಹಣೆಯಲ್ಲಿ ಬೆವರು ಬಂದಿತ್ತು. ಮಡಚಿ ವೈಪರ್ ಕೆಳಗೆ ಮೊದಲಿದ್ದಂತೆಯೇ ಇಟ್ಟರು.

ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು ಡಬ್ಬಿಗಳನ್ನು ಕೇಳಿದರು. ಕೊಟ್ಟೆ. ‘ಇನ್ನೆಷ್ಟು ಕಾರಿವೆಯಂತೆ ಅವನು ಮಾರಿದ್ದು?’ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ‘ಸಂಜೆ ಪುಟ್ಟನಿಗೆ ಫೋನು ಮಾಡು. ನಾನು ಮಾತಾಡ್ತೀನಿ.’

ಕೀಲಿ ಅರ್ಧ ತಿರುಗಿಸಿ ನಿಲ್ಲಿಸಿದೆ. ದೀಪ ಹೊತ್ತಿ, ಆರುವವರೆಗೂ ನಾವಿಬ್ಬರೂ ಅದನ್ನೇ ನೋಡುತ್ತಿದ್ದೆವು.

ಇಂತಿ,
ನಿಮ್ಮ ಮಗಳು, ಮತ್ತು ಆ ಹಿತೈಷಿಯ ಅಣ್ಣನ ಮಗಳು